ಹಾರ್ಲೋ ಸಾವಕಾರನ ಬಾಗಿಲ ತೆನೆ

ಟೊರಾಂಟೊ: ಚೀಲದ ಹೊಲಿಗೆ

ಕೆನಡಾಕ್ಕೆ ಹೋಗಿ ಬಂದೆನೆಂದರೆ ಎಲ್ಲರೂ ಮೊದಲು ಜಲಪಾತ ಹೇಗಿತ್ತು ಎಂದು ಕೇಳುತ್ತಾರೆ. ನಾನು ಜಲಪಾತ ನೋಡಲಿಲ್ಲ. ನೋಡಲು ಹೋಗಬೇಕಿದ್ದ ದಿನ ಮಗಳ ಮನೆಯ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು, ಈ ಪರದೇಶದಲ್ಲೇ ನನ್ನ ಮಣ್ಣಾಗುತ್ತದೆ ಎಂದು ಖಾತ್ರಿ ಮಾಡಿಕೊಂಡು ಕುಳಿತಿದ್ದೆ. ಅದಕ್ಕೆ ಕಾರಣ ಒಂದು ಗೋವಿನಜೋಳದ ಕಾಳು. ಮೈಸೂರು ಕಡೆಯವರು ಮುಸುಕಿನ ಜೋಳ ಎನ್ನುತ್ತಾರಲ್ಲ, ಅದೇ.

ನನ್ನ ತವರು ಬ್ಯಾಡಗಿ, ಕೊಟ್ಟ ಮನೆ ರಾಣೆಬೆನ್ನೂರು. ನಮ್ಮದು ಬೀಜದ ಅಂಗಡಿ. ಮದುವೆಯಾಗಿ ಬಂದ ವರ್ಷದಿಂದ ಹಣದ ಗಲ್ಲೆಯ ಪಕ್ಕದ ಮರದ ಕುರ್ಚಿ ನನ್ನದು. ಅಂಜಿಕೆ ನನ್ನ ಹುಟ್ಟುಗುಣ. ಮೋಡ ಕಂಡರೆ ಗೋದಾಮಿನ ತಗಡು ಸೋರುತ್ತದೆಂಬ ಚಿಂತೆ, ಬಿಸಿಲು ಕಂಡರೆ ಬೀಜ ಸೀಳುತ್ತದೆಂಬ ಚಿಂತೆ. "ಚಿಂತಿ ಇಲ್ಲಂದ್ರ ನಮ್ಮಾಕಿಗೆ ಅದರದ ಒಂದು ಚಿಂತಿ" ಎಂದು ನಮ್ಮ ಮನೆಯವರು ಗಿರಾಕಿಗಳ ಎದುರೇ ನಗುತ್ತಾರೆ.

ಮಗಳು ಗಿರಿಜಾ ಧಾರವಾಡದಲ್ಲಿ ಇತಿಹಾಸ ಓದಿದವಳು. ಹಳೆಯ ಸಾಮಾನುಗಳನ್ನು ಕೆಡದಂತೆ ಕಾಪಾಡುವ ವಿದ್ಯೆ ಕಲಿಯುತ್ತೇನೆಂದು ಹೋದಳು. ಈಗ ಹ್ಯೂರಾನ್ ಎಂಬ ದೊಡ್ಡ ಸರೋವರದ ದಂಡೆಯ ಚಿಕ್ಕ ಊರಿನಲ್ಲಿ, ಹಿಂದಿನ ಕಾಲದ ಸಾವಕಾರನೊಬ್ಬನ ಮನೆಯನ್ನು ಕಾಯುತ್ತಾಳೆ. ಆ ಮನೆ ಈಗ ವಸ್ತು ಸಂಗ್ರಹಾಲಯ. ಊರಿನ ಹೆಸರು ಬರೆಯಬೇಡ ಎಂದು ಮಗಳ ಕಟ್ಟಪ್ಪಣೆ. ಅವಳ ಕೆಲಸ ಹಂಗಾಮಿಯಾಗಿತ್ತು. ಕಾಯಂ ಮಾಡಬೇಕೋ ಬೇಡವೋ ಎಂದು ಅಲ್ಲಿನ ಆಡಳಿತ ಸಮಿತಿ ಆ ತಿಂಗಳೇ ತೀರ್ಮಾನಿಸುವುದಿತ್ತು. ಮಗಳನ್ನು ನೋಡಿ ಬರುತ್ತೇನೆ ಎಂದು ಬೀಗರು ಬಿಜ್ಜರಿಗೆಲ್ಲ ಹೇಳಿ ಹೊರಟೆ. ಖರೆ ಹೇಳಬೇಕೆಂದರೆ, ಕರೆದುಕೊಂಡು ಬರಬೇಕೆಂದೇ ಹೊರಟೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಸುಗ್ಗಿಯಲ್ಲಿ ಒಳ್ಳೆಯ ತೆನೆ ಆರಿಸಿ ಒಲೆಯ ಮೇಲೆ ಹೊಗೆ ತಾಗುವಂತೆ ಕಟ್ಟುತ್ತೇವೆ. ಮುಂದಿನ ಮುಂಗಾರಿಗೆ ಆ ಮನೆಯಲ್ಲಿ ಇದ್ದು ಬಿತ್ತುವವರ ಹೆಸರಿನಲ್ಲಿ ಒಂದೊಂದು ತೆನೆ. ಈಗ ಒಲೆ ಹೋಗಿ ಗ್ಯಾಸ್ ಬಂದಿದೆ, ಹೊಗೆ ಇಲ್ಲ, ಆದರೂ ಕಟ್ಟುವುದು ಬಿಟ್ಟಿಲ್ಲ. ಗಿರಿಜಾ ವಿಮಾನ ಹತ್ತಿದ ಮೇಲೂ ಪ್ರತಿ ಸುಗ್ಗಿಗೆ ಅವಳ ಹೆಸರಿನ ತೆನೆ ಕಟ್ಟುತ್ತಲೇ ಬಂದೆ.

ಟೊರಾಂಟೊದಲ್ಲಿ ಇಳಿದಾಗ ತಪಾಸಣೆಯ ಹುಡುಗಿ ನಗುತ್ತ ಕೇಳಿದಳು, ನಿಮ್ಮ ಕೆಲಸ ಏನು? ನಾನೂ ನಗುತ್ತ, ಬೀಜ ಮಾರುತ್ತೇನೆ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವಳ ನಗು ಹಾರಿಹೋಯಿತು. ಚೀಲಗಳನ್ನೆಲ್ಲ ಮೇಜಿನ ಮೇಲೆ ಸುರುವಿದರು. ಹಾವೇರಿಯಿಂದ ನನ್ನ ತಂಗಿ ಮಾಡಿಸಿಕೊಟ್ಟ ಏಲಕ್ಕಿ ಹಾರವನ್ನು ಇಬ್ಬರು ಮೂಸಿ ನೋಡಿದರು. ಬ್ಯಾಡಗಿ ಖಾರದ ಪುಡಿಯನ್ನು ಒಬ್ಬಾತ ಮೂಸಿ ಸೀನತೊಡಗಿದವನು ನಿಲ್ಲಿಸಲೇ ಇಲ್ಲ. ಅವೆರಡೂ ಪಾರಾದವು. ಕೊನೆಗೆ ಚೀಲದ ಹೊಲಿಗೆಯ ಸಂದಿಯಿಂದ ಎರಡು ಹತ್ತಿಬೀಜ ಹೊರಬಂದವು. ಅಂಗಡಿಯಲ್ಲಿ ಆ ಚೀಲ ಮೂಲೆಗೆ ಬಿದ್ದಿದ್ದಾಗ ಸೇರಿಕೊಂಡಿದ್ದವು. ಚಿಮಟಿಗೆಯಲ್ಲಿ ಹಿಡಿದು, ಸತ್ತ ಹಲ್ಲಿಯನ್ನು ಎತ್ತುವ ಹಾಗೆ ಎತ್ತಿ ಪೊಟ್ಟಣಕ್ಕೆ ಹಾಕಿದರು. ಬೀಜ ಗಡಿ ದಾಟಬಾರದು, ಬರುವಾಗಲೂ ಹೋಗುವಾಗಲೂ, ಎಂದು ಆ ಹುಡುಗಿ ಬಿಡಿಸಿ ಬಿಡಿಸಿ ಹೇಳಿದಳು. ಹೊರಗೆ ಬಂದು ಮಗಳ ಮುಖ ಕಂಡಾಗ ಅಳುವೇ ಬಂತು.

"ಬೀಜದ ಅಂಗಡಿ ಅಂತ ಯಾಕ ಹೇಳಲಿಕ್ಕೆ ಹೋದಿ? ಮನಿ ನೋಡ್ಕೋತೀನಿ ಅಂದಿದ್ರ ಸಾಕಾಗಿತ್ತು" ಎಂದಳು ಗಿರಿಜಾ.

"ಸುಳ್ಳು ಹೇಳಿ ಸಿಕ್ಕೊಂಡ್ರ?"

"ಖರೇ ಹೇಳೇ ಸಿಕ್ಕೊಂಡೀಯಲ್ಲ!"

ಸರೋವರದ ದಂಡೆ: ಮೆಟ್ಟಿಲ ಮೇಲಿನ ಕುಂಬಳಕಾಯಿ

ಹಾವೇರಿಯ ಹೆಗ್ಗೇರಿ ಕೆರೆ ತುಂಬಿದಾಗ ಇದಕ್ಕಿಂತ ನೀರು ಇನ್ನೆಲ್ಲಿರುತ್ತದೆ ಎಂದುಕೊಂಡವಳು ನಾನು. ಈ ಸರೋವರಕ್ಕೆ ಆಚೆ ದಂಡೆಯೇ ಕಾಣುವುದಿಲ್ಲ. ಅಲೆ ಇದೆ, ಹಡಗು ಇದೆ, ಬಾಯಿಗೆ ಹಾಕಿಕೊಂಡರೆ ಉಪ್ಪಿಲ್ಲ. ಚಳಿಗಾಲದಲ್ಲಿ ದಂಡೆಯ ನೀರು ಕಲ್ಲಿನಂತೆ ಗಟ್ಟಿಯಾಗುತ್ತದಂತೆ, ಮನುಷ್ಯರು ಅದರ ಮೇಲೆ ನಡೆಯುತ್ತಾರಂತೆ. ಗುತ್ತಲದ ಹತ್ತಿರ ಹೊಳೆ ದಾಟುವಾಗಲೇ ದೋಣಿಯ ಅಂಚು ಬಿಡದವಳಿಗೆ ಅದನ್ನು ಕೇಳಿಯೇ ಅಂಗಾಲು ತಣ್ಣಗಾಯಿತು.

ನಾನು ಹೋದದ್ದು ಅವರ ಸುಗ್ಗಿಯ ಕಾಲ. ಊರಿನ ಪ್ರತಿ ಮನೆಯ ಮೆಟ್ಟಿಲ ಮೇಲೆ ಕುಂಬಳಕಾಯಿ ಇಟ್ಟಿದ್ದರು, ಕೆಲವಕ್ಕೆ ಕಣ್ಣು ಬಾಯಿ ಕೊರೆದಿದ್ದರು. ಬಾಗಿಲಲ್ಲಿ ಕುಂಬಳಕಾಯಿ ಕಂಡರೆ ನಮಗೆ ಯಾರದೋ ದೃಷ್ಟಿ ತೆಗೆದಿದ್ದಾರೆ ಎಂದೇ ಲೆಕ್ಕ. ದಾಟಬಾರದೆಂದು ನಾನು ರಸ್ತೆಯ ನಡುವೆ ನಡೆದೆ. ಕಾರಿನವರು ಹಾರ್ನ್ ಹೊಡೆಯಲಿಲ್ಲ. ನನ್ನ ಹಿಂದೆ ಮೆರವಣಿಗೆ ಬಂದ ಹಾಗೆ ನಿಧಾನವಾಗಿ ಬಂದರು.

"ಅವ್ವ, ಬದೀಗೆ ಬಾ. ಊರ ಮಂದಿಯೆಲ್ಲ ನೋಡಾಕತ್ತಾರ."

"ನೋಡ್ಲಿ ಬಿಡು. ನಿನ್ನ ನೌಕರಿ ಏನಾತು, ಅದನ್ನ ಹೇಳು."

ಗಿರಿಜಾ ಹೇಳಿದಳು. ಆ ಸಾವಕಾರನ ಅಂಗಡಿಯ ಬಾಗಿಲಲ್ಲಿ ಗೋವಿನಜೋಳದ ಹಳೆಯ ತೆನೆಗಳ ಒಂದು ಜಡೆ ತೂಗುತ್ತಿದೆ. ಅದನ್ನು ಕೊಟ್ಟವರು ಆ ನೆಲದ ಮೂಲ ಜನ. ನೂರೈವತ್ತು ವರ್ಷಕ್ಕೂ ಹಿಂದಿನ ಮಾತು. ಅವರ ವಂಶದವರು ಅದನ್ನು ವಾಪಸು ಕೇಳಿದ್ದಾರೆ. ಸಮಿತಿಯಲ್ಲಿ ಕೆಲವರು, ಅಲ್ಲಿ ಅದನ್ನು ಜೋಪಾನ ಮಾಡುವವರು ಯಾರು ಎಂದು ತಕರಾರು ತೆಗೆದಿದ್ದರು. ಕೊಡಲೇಬೇಕು ಎಂದು ಹಟ ಹಿಡಿದು ಒಪ್ಪಿಸಿದವಳು ಇವಳು. ನಾಲ್ಕು ದಿನ ಬಿಟ್ಟು ತೆನೆಯನ್ನು ಅವರಿಗೆ ಒಪ್ಪಿಸುವ ಕಾರ್ಯಕ್ರಮ. "ಅದೊಂದು ಸುಸೂತ್ರ ಆದ್ರ ನನ್ನ ನೌಕರಿ ಕಾಯಂ, ಅವ್ವ. ಏನರೆ ಎಡವಟ್ಟಾತೋ, ಮುಗೀತು."

ಮುಗಿದರೆ ಒಳ್ಳೆಯದೇ ಆಯಿತಲ್ಲ ಎಂದು ನನ್ನ ಮನಸ್ಸು ತಟ್ಟನೆ ಅಂದಿತು. ಹಾಗೆ ಅಂದುಕೊಂಡದ್ದಕ್ಕೆ ಕೂಡಲೇ ಕೆನ್ನೆಗೆ ಬಡಿದುಕೊಳ್ಳಬೇಕೆನ್ನಿಸಿತು. ಮಗಳ ಮುಖ ಅಷ್ಟು ಇಳಿದಿತ್ತು.

ಹಾರ್ಲೋ ಸಾವಕಾರನ ಅಂಗಡಿ

ಥಾಮಸ್ ಹಾರ್ಲೋ ಎಂದು ಅವನ ಹೆಸರು. ನನ್ನ ಬಾಯಲ್ಲಿ ಹಾರ್ಲೋ ಸಾವಕಾರ ಆದ. ಮಹಡಿ ಮೇಲೆ ಮನೆ, ಕೆಳಗೆ ಅಂಗಡಿ, ಹಿಂದೆ ಗೋದಾಮು. ಒಳಗೆ ಕಾಲಿಟ್ಟ ಕೂಡಲೇ ನನ್ನ ಅಂಜಿಕೆ ಅರ್ಧ ಇಳಿಯಿತು. ತಕ್ಕಡಿ, ಸಾಲು ಗೂಡುಗಳು, ಗೋಣಿಚೀಲ, ಕಾಳಿನ ವಾಸನೆ. ಹೊರದೇಶದಲ್ಲಿ ಮೊದಲ ಸಲ ನನಗೆ ಗೊತ್ತಿರುವ ಜಾಗಕ್ಕೆ ಬಂದಂತಾಯಿತು.

ಗಿರಿಜಾ ಒಂದೊಂದೇ ಕೋಣೆ ತೋರಿಸುತ್ತ ಅವನ ಕಥೆ ಹೇಳಿದಳು. ಅಪ್ಪ ಅಮ್ಮ ಇಲ್ಲದ ಹುಡುಗ ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದ. ಮೊದಲು ಬೇರೆಯವರ ಅಂಗಡಿಯಲ್ಲಿ ಪೀಪಾಯಿ ಉರುಳಿಸಿದ. ಆಮೇಲೆ ಒಂದು ದೋಣಿ ಮಾಡಿಕೊಂಡು ದಂಡೆಯ ಹಳ್ಳಿಗಳಿಗೆ ಉಪ್ಪು, ಚಹಾ, ಮೊಳೆ, ಬಟ್ಟೆ ಮಾರಿದ. ಕಾಡು ಕಡಿದು ನೆಲ ಮಾಡಿಕೊಳ್ಳುತ್ತಿದ್ದ ವಲಸಿಗರು ಗೋಧಿ ತಂದು ಹಾಕಿ ಸಾಮಾನು ಒಯ್ಯುತ್ತಿದ್ದರು. ಎಲ್ಲ ಸರಕು ಬರುವುದು ಹಡಗಿನಲ್ಲಿ. ನೀರು ಹೆಪ್ಪುಗಟ್ಟಿತೆಂದರೆ ವಸಂತದವರೆಗೆ ಏನೂ ಬರುವಂತಿಲ್ಲ. ವರ್ಷದ ಕೊನೆಯ ಹಡಗು ಬಂದರೆ ಊರು ಉಣ್ಣುತ್ತದೆ, ಇಲ್ಲದಿದ್ದರೆ ಇಲ್ಲ.

"ಹಂಗಾರ ಇವನೂ ನನ್ನಂಗ ಮಾರಿ ಮ್ಯಾಲೆ ಮಾಡಿ ಮುಗಿಲು ನೋಡಾಂವ ಅನ್ನು."

"ಮ್ಯಾಲೆ ಬಾ, ತೋರಸ್ತೀನಿ."

ಮಹಡಿಯ ಕಿಟಕಿಯ ಹತ್ತಿರ ಒಂದು ಜಾಗದಲ್ಲಿ ನೆಲದ ಹಲಗೆ ತಗ್ಗಾಗಿ ಸವೆದಿತ್ತು. ಅವನು ದುರ್ಬೀನು ಹಿಡಿದು ನಿಲ್ಲುತ್ತಿದ್ದ ಜಾಗವಂತೆ. ಅಂಗಡಿ ಹಾಕಿದ ಮೊದಲನೇ ವರ್ಷವೇ ಕೊನೆಯ ಹಡಗು ಬರಲಿಲ್ಲ. ಹಿಟ್ಟು ಮುಗಿಯಿತು. ಜನ ಬೀಜದ ಗೋಧಿಯನ್ನು ಕುದಿಸಿಕೊಂಡು ತಿಂದರು. ಬೀಜ ತಿಂದರೆ ಮುಂದಿನ ವರ್ಷ ಎಲ್ಲಿಂದ ತರುವುದು? ಆಗ ಸರೋವರದ ಕೊಲ್ಲಿಯ ಆಚೆ ಇದ್ದ ಮೂಲ ಜನದ ಹೆಂಗಸರು ಮಂಜುಗಡ್ಡೆಯ ಮೇಲೆ ಚಕ್ರವಿಲ್ಲದ ಬಂಡಿ ಎಳೆದುಕೊಂಡು ಗೋವಿನಜೋಳ ತಂದು ಕೊಟ್ಟರು. ಊರು ಉಳಿಯಿತು. ಹಾರ್ಲೋ ಒಂದು ಜಡೆ ತೆಗೆದು ಬಾಗಿಲಲ್ಲಿ ಕಟ್ಟಿ, ಇದನ್ನು ಯಾರೂ ಮಾರಬಾರದು, ತಿನ್ನಬಾರದು ಎಂದ.

ಆಮೇಲೆ ಅವನ ವ್ಯಾಪಾರ ಕೈ ಹತ್ತಿತು. ಸ್ವಂತ ಬಂದರು ಕಟ್ಟೆ, ಎರಡು ಹಡಗು, ಹೆಂಡತಿಗೆ ಪಿಯಾನೊ. ಮೂಲ ಜನರ ನೆಲ ಒಂದೊಂದೇ ತುಂಡಾಗಿ ವಲಸಿಗರ ಪಾಲಾಯಿತು, ಅದರಲ್ಲಿ ಒಂದು ದೊಡ್ಡ ತುಂಡು ಹಾರ್ಲೋನದೇ. ಜೋಳ ಕೊಟ್ಟವರು ಕೊಲ್ಲಿಯ ಒಂದು ಮೂಲೆಗೆ ಸರಿದರು. ಇದನ್ನು ಹೇಳುವಾಗ ಗಿರಿಜಾಳ ದನಿ ಬದಲಾಯಿತು. "ತೆನಿ ಬಾಗಲದಾಗ ಇತ್ತು. ಕೊಟ್ಟವರು ಬಾಗಲದ ಹೊರಗ" ಎಂದಳು. ಹಾರ್ಲೋನಿಗೂ ಸುಖ ಸಿಗಲಿಲ್ಲ. ಹಿರಿಯ ಮಗ ಸರಕು ತರಲು ಹೋದ ಕೊನೆಯ ಹಡಗು ಬಿರುಗಾಳಿಯಲ್ಲಿ ಮುಳುಗಿತು. ಅಲ್ಲಿಂದ ಮುಂದೆ ಪ್ರತಿ ವರ್ಷ ಚಳಿ ಶುರುವಾದರೆ ಅವನು ಆ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲವಂತೆ, ಸರಕು ರೈಲಿನಲ್ಲಿ ಬರತೊಡಗಿದ ಮೇಲೂ. ರೈಲು ಬೇರೆ ಊರಿನ ಮೇಲೆ ಹಾದುಹೋಗಿ ಈ ಬಂದರು ಹಾಳುಬಿತ್ತು. ಕೊನೆಗೆ ಮೊಮ್ಮಗಳು ಮನೆಯನ್ನು ಊರಿಗೆ ಬಿಟ್ಟುಕೊಟ್ಟಳು.

ಸವೆದ ಹಲಗೆಯ ಮೇಲೆ ನಿಂತು ನಾನೂ ಹೊರಗೆ ನೋಡಿದೆ. ನನ್ನ ಕೂಸು ನೀರಿನಾಚೆ ಇದ್ದ ವರ್ಷಗಳಲ್ಲಿ ನಾನು ಮಾಡಿದ್ದೂ ಇದೇ. ಪಾಪ ಅನ್ನಿಸಿತು, ಸಿಟ್ಟೂ ಬಂತು.

ಕೆಳಗೆ ಬಂದಾಗ ಗಿರಿಜಾಳಿಗೆ ಫೋನು ಬಂತು, ಹೊರಗೆ ಹೋದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ತೆನೆಯ ಜಡೆ ನನ್ನ ಭುಜದ ಎತ್ತರಕ್ಕೇ ತೂಗುತ್ತಿತ್ತು. ಸಾಗಿಸುವ ಪೆಟ್ಟಿಗೆಗೆ ಅಳತೆ ತೆಗೆಯಬೇಕೆಂದು ಗಿರಿಜಾ ಆವತ್ತು ಬೆಳಿಗ್ಗೆಯೇ ಅದರ ಗಾಜಿನ ಕವಚ ಬಿಚ್ಚಿ ಇಟ್ಟಿದ್ದಳು. ಸಣ್ಣ ತೆನೆಗಳು. ಕೆಲವು ಕಾಳು ಕಡುಗೆಂಪು, ಕೆಲವು ಬೂದಿ ಬಣ್ಣ.

ಇನ್ನು ಮುಂದಿನದನ್ನು ನಾನು ಮಾಡಿದೆ ಎನ್ನಲೋ ನನ್ನ ಕೈ ಮಾಡಿತು ಎನ್ನಲೋ. ನಮ್ಮಲ್ಲಿ ಯಾರಾದರೂ ತೆನೆ ತಂದರೆ ಮಾತಿಗೆ ಮೊದಲೇ ಹೆಬ್ಬೆರಳು ಒತ್ತಿ ಒಂದು ಕಾಳು ಕಳಚಿ ಬಾಚಿಹಲ್ಲಿಗೆ ಇಟ್ಟು ಕಡಿಯುತ್ತೇವೆ. ಟಕ್ಕೆಂದರೆ ಒಣಗಿದೆ, ಕಟ್ಟಿಡಬಹುದು. ಮೆತ್ತಗಾದರೆ ಇನ್ನೂ ಬಿಸಿಲು ಬೇಕು. ಜೀವಮಾನವೆಲ್ಲ ಅದನ್ನೇ ಮಾಡಿದ ಕೈ. ಬಾಗಿಲಲ್ಲಿ ನಿಂತು, ಕಣ್ಣು ತಕ್ಕಡಿಯ ಕಡೆಗಿದ್ದಾಗ, ಒತ್ತಿತು, ಕಳಚಿತು, ಬಾಯಿಗೆ ಇಟ್ಟಿತು.

ಟಕ್ಕೆನ್ನಲಿಲ್ಲ. ಪುಸಕ್ಕನೆ ಪುಡಿಯಾಯಿತು. ನಾಲಗೆಯ ಮೇಲೆ ಹಳೇ ಅಟ್ಟದ ಧೂಳಿನ ರುಚಿ. ಆಗ ನನಗೆ ಎಚ್ಚರವಾಯಿತು. ಅಯ್ಯೋ ನನ್ನ ಶಿವನೇ! ತೆನೆಯಲ್ಲಿ ಹಲ್ಲು ಬಿದ್ದ ವಸಡಿನ ಹಾಗೆ ಸಂದಿಯಾಗಿತ್ತು. ಪಕ್ಕದ ಇನ್ನೊಂದು ಕಾಳೂ ಸಡಿಲಾಗಿ ನನ್ನ ಅಂಗೈಗೆ ಬಂದಿತ್ತು. ಹೊರಗೆ ಗಿರಿಜಾಳ ಹೆಜ್ಜೆ ಕೇಳಿಸಿತು. ಉಗುಳುವುದಕ್ಕೆ ಜಾಗವಿಲ್ಲ. ನುಂಗಿಬಿಟ್ಟೆ. ಕೈಯಲ್ಲಿದ್ದ ಕಾಳನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡೆ.

"ಯಾಕವ್ವ, ಮಾರಿ ಹಿಂಗ್ಯಾಕಾಗೇತಿ?"

"ಥಂಡಿ" ಎಂದೆ.

ಇಲ್ಲದ ಇಲಿ

ಮರುದಿನ ಮಾರ್ಗರೆಟ್ ಬಂದರು. ಸಂಗ್ರಹಾಲಯದ ಮುಖ್ಯಸ್ಥೆ, ಬಿಳಿ ಕೂದಲಿನ ಎತ್ತರದ ಹೆಂಗಸು, ನನ್ನ ಕೈ ಹಿಡಿದು ಚೆನ್ನಾಗಿ ಮಾತಾಡಿಸಿದರು. ಆಮೇಲೆ ಅಂಗಡಿಯ ಕೋಣೆಗೆ ಹೋದವರು ಗಿರಿಜಾಳನ್ನು ಕರೆದರು. ತೆನೆಯಲ್ಲಿ ಎರಡು ಕಾಳಿಲ್ಲ, ಕೆಳಗೆ ಚಿಟಿಕೆ ಪುಡಿ ಬಿದ್ದಿದೆ. ಇಲಿ!

ಇಲಿ ಒಳಗೆ ಬಂದಿದೆ ಎಂದರೆ ಅಲ್ಲಿ ಸಣ್ಣ ಮಾತಲ್ಲ. ಮಹಡಿಯ ರೇಷ್ಮೆ, ಚರ್ಮ, ಕಾಗದ ಎಲ್ಲ ಬಿಚ್ಚಿ ನೋಡಬೇಕು. ಗಾಜಿನ ಕವಚ ತೆಗೆದು ಬಿಟ್ಟವರು ಯಾರು ಎಂದು ಮಾರ್ಗರೆಟ್ ಕೇಳಿದರು. ಗದರಲಿಲ್ಲ, ಮೆಲ್ಲಗೇ ಕೇಳಿದರು. ಗಿರಿಜಾ ನಾನೇ ಎಂದಳು. ಆ ಜನರು ಜೋಪಾನ ಮಾಡುವುದಿಲ್ಲ ಎಂದವರಿಗೆ ಈಗ ಏನು ಹೇಳುವುದು ಎಂದು ಮಾರ್ಗರೆಟ್ ನೆಲ ನೋಡಿದರು. ನನ್ನ ಮಗಳ ಕಿವಿ ಕೆಂಪಗಾದವು. ನಾನು ಅಲ್ಲೇ ಇದ್ದೆ. ಜೇಬಿನೊಳಗೆ ಬೆರಳ ತುದಿಗೆ ಆ ಕಾಳು ಹತ್ತುತ್ತಿತ್ತು.

ಆವತ್ತೆಲ್ಲ ಗಿರಿಜಾ ಮಂಡಿಯೂರಿ ಸಂದುಗೊಂದು ನೋಡುತ್ತ ಬೋನು ಇಟ್ಟಳು. ಇಲ್ಲದ ಇಲಿಗೆ ಚೀಸಿನ ತುಂಡು ಕೊಯ್ದು ಕೊಟ್ಟವಳು ನಾನು. ಪ್ರತಿ ಬೋನು ಇಡುವಾಗಲೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಬಾಯಿ ತೆರೆದೆ. ಹೇಳಿದರೆ ಮಗಳ ಮಾನ ಹೋಗುತ್ತದೆ, ಸಮಿತಿಯವರು ಅವ್ವನ ತಪ್ಪಿಗೆ ಮಗಳನ್ನು ಕಳಿಸುತ್ತಾರೆ. ಹೇಳದಿದ್ದರೂ ಇಲಿ ಬಿಟ್ಟದ್ದಕ್ಕೆ ಕಳಿಸುತ್ತಾರೆ. ಕಳಿಸಿದರೆ ಮಗಳು ಮನೆಗೆ ಬರುತ್ತಾಳೆ. ಬೇಡಿಕೊಂಡದ್ದು ಹೀಗೆ ಕೈಗೆ ಬರುವುದಾದರೆ ಅದನ್ನು ಯಾವ ಕೈಯಲ್ಲಿ ಹಿಡಿಯಲಿ?

ಸಂಜೆ ಅವಳು ಕೈಗವಸು ಬಿಚ್ಚುತ್ತ ಸುಮ್ಮನೆ ಒಂದು ಮಾತು ಅಂದಳು. ಹಳೆಯ ಸಾಮಾನು ಮುಟ್ಟುವಾಗ ಕೈಗವಸು ಯಾಕೆಂದರೆ, ಹಿಂದಿನವರು ಹುಳ ಹಿಡಿಯದಂತೆ ಅದಕ್ಕೆಲ್ಲ ಪಾಷಾಣ ಬಳಿಯುತ್ತಿದ್ದರಂತೆ.

ಪಾಷಾಣ! ನನ್ನ ಹೊಟ್ಟೆಯಲ್ಲಿ ಆಗಲೇ ಏನೋ ಹಿಂಡಿತು.

ಗಿರಿಜಾಳ ಸೋಫಾ

ಮರುದಿನ ಬೆಳಿಗ್ಗೆ ಜಲಪಾತಕ್ಕೆ ಹೊರಡಬೇಕಿತ್ತು. ಇಲಿಯ ರಗಳೆಯಲ್ಲೂ ಅವ್ವನಿಗೆ ಬೇಸರವಾಗಬಾರದೆಂದು ಮಗಳು ಬುತ್ತಿ ಕಟ್ಟಿದ್ದಳು. ನಾನು ಸೋಫಾದಿಂದ ಏಳಲಿಲ್ಲ.

"ಗಿರಿಜಾ, ಇಲಿ ಇಲ್ಲ" ಎಂದೆ.

"ಐತವ್ವ. ಪುಡಿ ಬಿದ್ದಿತ್ತಲ್ಲ."

"ಇಲಿ ನಾನಽ. ನಾನ ಕಡದೇನಿ."

ಜೇಬಿನಿಂದ ಇನ್ನೊಂದು ಕಾಳು ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ. ಬೈಯಲಿಲ್ಲ. ಬುತ್ತಿ ಅಲ್ಲೇ ಬಿಟ್ಟು ಓಡಿ ಬಂದು ನನ್ನ ಎರಡೂ ಕೆನ್ನೆ ಹಿಡಿದಳು.

"ನುಂಗಿಯೇನವ್ವ? ಖರೇ ಹೇಳು, ನುಂಗಿಯೇನ? ಹೊಟ್ಟಿ ನೋವೈತೇನ? ಬಾಯಿ ತೆಗಿ, ನೋಡೋಣು!"

"ನಿನ್ನ ನೌಕರಿ..."

"ನೌಕರಿ ಹಾಳಾಗಿ ಹೋಗ್ಲಿ! ನಿನ್ನೆ ಯಾಕ ಹೇಳ್ಲಿಲ್ಲ ನೀ?"

ಈ ಅಂಜಿಕೆ ಅವಳಿಗೆ ನನ್ನಿಂದಲೇ ಬಂದದ್ದು ಎಂದು ಆಗ ಗೊತ್ತಾಯಿತು. ಆಸ್ಪತ್ರೆಗೆ ಫೋನು ಮಾಡಿದಳು. ಕಾಳಿಗೆ ಏನು ಬಳಿದಿದ್ದಾರೆಂದು ತಿಳಿದು ಹೇಳಿ ಎಂದರು ಅವರು. ಅದು ಗೊತ್ತಿದ್ದದ್ದು ಮಾರ್ಗರೆಟ್ ಒಬ್ಬರಿಗೇ. ಹೀಗಾಗಿ ಸುದ್ದಿ ಮುಚ್ಚಿಡುವ ದಾರಿಯೇ ಉಳಿಯಲಿಲ್ಲ. ಗಿರಿಜಾ ಒಂದು ಕ್ಷಣವೂ ಯೋಚಿಸಲಿಲ್ಲ. ಫೋನು ಹಚ್ಚಿ, ಇಲಿ ಅಲ್ಲ, ನನ್ನ ತಾಯಿ, ಎಂದಳು.

ಆ ಕಡೆಯಿಂದ ಮಾರ್ಗರೆಟ್ ಹೇಳಿದರಂತೆ, ಹಾರ್ಲೋನ ಮೊಮ್ಮಗಳು ಆ ಜಡೆಗೆ ಒಂದು ಚಿಟಿಕೆ ಔಷಧಿಯನ್ನೂ ತಾಗಿಸಲು ಬಿಟ್ಟಿರಲಿಲ್ಲ, ನಿಮ್ಮ ತಾಯಿ ಸಾಯುವುದಿಲ್ಲ. ಆದರೆ ಸಮಿತಿಗೆ ತಿಳಿಸುವುದು ನನ್ನ ಧರ್ಮ. ನಾಡಿದ್ದು ಬರುವವರಿಗೂ ತಿಳಿಸಬೇಕು ಎಂದರಂತೆ.

ನನ್ನ ಹೊಟ್ಟೆನೋವು ತಟ್ಟನೆ ನಿಂತಿತು. ರಾಣೆಬೆನ್ನೂರಿಗೆ ಫೋನು ಮಾಡಿ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ, ಹಾರ್ಲೋ, ಹಡಗು, ಪಾಷಾಣ, ಸಮಿತಿ. ಎಲ್ಲ ಕೇಳಿ ಅವರು ಕೇಳಿದ ಮೊದಲ ಪ್ರಶ್ನೆ: "ಒಣಗಿತ್ತೇನ?"

"ನಿಮಗ ಬುದ್ಧಿ ಐತೇನ್ರಿ?" ಎಂದು ಫೋನು ಇಟ್ಟೆ.

ಒಪ್ಪಿಸುವ ದಿನ

ಅಂಗಡಿಯ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಸಮಿತಿಯವರು ಒಂದು ಕಡೆ, ಮೂಲ ಜನರು ಒಂದು ಕಡೆ. ಅವರ ಮುಂದೆ ಕುಳಿತಾಕೆ ರೂತ್ ಎಂಬ ಹಿರಿಯ ಹೆಂಗಸು. ನನ್ನ ವಾರಿಗೆಯವಳು, ದಪ್ಪ ಜಡೆ, ಮಣ್ಣಲ್ಲಿ ಕೆಲಸ ಮಾಡಿದ ಉಗುರು. ಗಿರಿಜಾ ಅವಳ ಎದುರು ನಿಂತು, ತೆನೆಯಲ್ಲಿ ಎರಡು ಕಾಳು ಹೋಗಿವೆ, ಹೊಣೆ ನನ್ನದು ಎಂದು ಶುರುಮಾಡಿದಳು. ನನಗೆ ಅಷ್ಟು ಇಂಗ್ಲಿಷು ತಿಳಿಯುತ್ತದೆ. ಎದ್ದು ಮುಂದೆ ಹೋದೆ.

"ಗಿರಿಜಾ, ಹೊಣಿ ನಿಂದಲ್ಲ ಅಂತ ಹೇಳು. ಕಡದಾಕಿ ನಾನು. ಹಂಗಽ ಹೇಳು."

ಉಳಿದ ಕಾಳನ್ನು ರೂತಳ ಅಂಗೈಗೆ ಇಟ್ಟೆ. ನಮ್ಮಲ್ಲಿ ಹೇಗೆ ಕಡಿಯುತ್ತೇವೆಂದು ಹೆಬ್ಬೆರಳು, ಬಾಚಿಹಲ್ಲು ತೋರಿಸಿದೆ. ಕೈ ಮುಗಿದೆ. ಸಮಿತಿಯಲ್ಲಿ ಇಷ್ಟು ದಿನ ಜೋಪಾನದ ಮಾತಾಡಿದವರ ಮುಖ ನೋಡುವಂತಿರಲಿಲ್ಲ.

ರೂತ್ ನಗಲಿಲ್ಲ. ನನ್ನ ಕೈಯನ್ನೇ ನೋಡಿದಳು. ಆಮೇಲೆ ಏನೋ ಕೇಳಿದಳು. ಗಿರಿಜಾ ಅದನ್ನು ಕನ್ನಡಕ್ಕೆ ತರುವಾಗ ಅವಳ ದನಿಯೇ ವಿಚಿತ್ರವಾಗಿತ್ತು.

"ಅವ್ವ, ಒಣಗಿತ್ತೇನ ಅಂತ ಕೇಳಾಕತ್ತಾರ."

ನಾನು ರಾಣೆಬೆನ್ನೂರಿನ ಅಂಗಡಿಯಲ್ಲಿ ಕುಳಿತ ಹಾಗೇ ಉತ್ತರ ಕೊಟ್ಟೆ. "ಒಣಗಿ ಪುಡಿ ಆಗೇತ್ರಿ."

"ಮತ್ತ ಮೊಳೀತೈತೇನ ಅಂತ ಕೇಳ್ತಾರ."

ಇದನ್ನು ಒಯ್ದು ಬಿತ್ತಬೇಕೆಂದೇ ಬಂದಿದ್ದಾರೆ ಎಂದುಕೊಂಡೆ. ಗಿರಾಕಿಯ ಮುಖ ನೋಡಿ ಮೊಳೆಯದ ಬೀಜವನ್ನು ಮೊಳೆಯುತ್ತದೆ ಎಂದವಳಲ್ಲ ನಾನು. ಆದರೆ ಇದು ಅಂಗಡಿಯಲ್ಲ, ಇವಳ ಹಿರಿಯರ ತೆನೆ. "ಇಲ್ರಿ. ಜೀವ ಇಲ್ಲ ಅದರಾಗ" ಎಂದೆ. ಗಿರಿಜಾ ತಡೆದು ತಡೆದು ಹೇಳಿದಳು. ನಾನು ಅಳುತ್ತಿದ್ದೆ.

ರೂತ್ ತಲೆಯಾಡಿಸಿದಳು. ಹಿಂದೆ ಕುಳಿತಿದ್ದ ತನ್ನವರಿಗೆ ಏನೋ ಹೇಳಿದಳು. ಒಬ್ಬಾತ ಹೊರಗೆ ಹೋಗಿ ಗಾಡಿಯಿಂದ ಒಂದು ಗೋಣಿಚೀಲ ತಂದ. ಅದರೊಳಗಿಂದ ರೂತ್ ತೆಗೆದದ್ದು ತೆನೆಗಳ ಒಂದು ಹೊಸ ಜಡೆ. ಅದೇ ಸಣ್ಣ ತೆನೆ, ಅದೇ ಕಡುಗೆಂಪು, ಅದೇ ಬೂದಿ ಬಣ್ಣ, ಆದರೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಆ ವರ್ಷದ ಸುಗ್ಗಿಯದು.

ಗಿರಿಜಾ ಹೇಳುತ್ತ ಹೋದಳು. "ನಾವು ಬಿತ್ತೋದು ಬಿಟ್ಟೇ ಇಲ್ಲ ಅಂತಾರ ಅವ್ವ. ನೆಲ ಹೋದ್ರೂ ಬೀಜ ಬಿಟ್ಟಿಲ್ಲ. ಪ್ರತಿ ವರ್ಷ ಬಿತ್ತೀವಿ, ಉಂಡೀವಿ, ಕಟ್ಟೀವಿ. ಅದು ಸತ್ತದ್ದು ನಮಗ ಗೊತ್ತೈತಿ. ಅದು ನಮ್ಮ ಅಜ್ಜಿ, ಮನೀಗೆ ಕರಕೊಂಡು ಹೋಗಾಕ ಬಂದೀವಿ ಅಂತಾರ. ಇಷ್ಟು ವರ್ಷದಾಗ ಈ ಮನ್ಯಾಗ ಅದನ್ನ ಉಣ್ಣೋ ಕಾಳು ಅಂತ ನೋಡಿದಾಕಿ ನೀ ಒಬ್ಬಾಕೀನಽ ಅಂತ."

ರೂತ್ ಹೊಸ ಜಡೆಯಿಂದ ಒಂದು ತೆನೆ ಬಿಡಿಸಿ ನನ್ನ ಕೈಗೆ ಕೊಟ್ಟಳು. ಹಲ್ಲು ತೋರಿಸಿದಳು. ಕಡಿ.

ಅಷ್ಟು ಜನರ ಮುಂದೆ ನಾನು ಹೆಬ್ಬೆರಳು ಒತ್ತಿದೆ. ಬಾಚಿಹಲ್ಲಿಗೆ ಇಟ್ಟೆ. ಟಕ್ಕೆಂದಿತು. ಕೊನೆಯ ಕುರ್ಚಿಯವರಿಗೂ ಕೇಳಿಸಿತು. ಆಗ ರೂತ್ ನಕ್ಕಳು, ಎಂಥ ನಗು ಅಂತೀರಿ, ತಕ್ಕಡಿಯ ತಟ್ಟೆ ಅಲ್ಲಾಡುವ ಹಾಗೆ.

ಮೊಳೆ

ಹೊರಡುವ ಹಿಂದಿನ ದಿನ ಮಾರ್ಗರೆಟ್ ಸೇಬಿನ ಕಡುಬಿನಂಥದ್ದೇನೋ ಮಾಡಿಕೊಂಡು ಬಂದರು. ಹಳೆಯ ಜಡೆ ರೂತ್ ಜೊತೆ ಹೋದ ಮೇಲೆ ಸಮಿತಿ ಸೇರಿತ್ತು. ಗಾಜು ತೆಗೆದಿಟ್ಟದ್ದಕ್ಕೆ ಗಿರಿಜಾಳಿಗೆ ಒಂದು ಮಾತು ಬೈದು ದಾಖಲೆ ಮಾಡಿದ್ದಾರೆ. ಆದರೆ ತಪ್ಪನ್ನು ಬಂದವರೆದುರು ಮುಚ್ಚಿಡದೆ ಹೇಳಿದ್ದಕ್ಕೆ, ಇಂಥವಳೇ ಬೇಕು ಎಂದು ಕಾಯಂ ಮಾಡಿದ್ದಾರೆ. 'ಮುಟ್ಟಬೇಡಿ' ಎಂಬ ಫಲಕದ ಕೆಳಗೆ 'ಕಡಿಯಬೇಡಿ' ಎಂದೂ ಬರೆಸಬೇಕು ಎಂದು ಮಾರ್ಗರೆಟ್ ನಗಾಡಿದರು. ಗಿರಿಜಾ ನಗುತ್ತ ನನ್ನ ಕಡೆ ನೋಡಿದಳು, ನಾನು ನಗುತ್ತೇನೋ ಇಲ್ಲವೋ ಎಂದು. ನಕ್ಕೆ. ಇನ್ನು ಇವಳು ಬರುವುದಿಲ್ಲ.

ಮಾರ್ಗರೆಟ್ ಹೋದ ಮೇಲೆ ಚೀಲ ತುಂಬಿದೆ. ರೂತ್ ಕೊಟ್ಟ ತೆನೆ ಮೇಜಿನ ಮೇಲಿತ್ತು. ತಪಾಸಣೆಯ ಹುಡುಗಿಯ ಚಿಮಟಿಗೆ ನೆನಪಾಯಿತು. ಬೀಜ ಗಡಿ ದಾಟುವಂತಿಲ್ಲ. ಆ ತೆನೆಯನ್ನು ಬಹಳ ಹೊತ್ತು ನೋಡುತ್ತ ಕುಳಿತೆ.

"ಗಿರಿಜಾ, ಒಂದು ಮೊಳಿ ಕೊಡು. ಸುತ್ತಿಗಿ ಐತೇನ?"

"ಬಾಡಿಗಿ ಮನಿ ಅವ್ವ. ಗ್ವಾಡಿಗೆ ಮೊಳಿ ಹೊಡ್ಯಾಂಗಿಲ್ಲ. ಯಾಕ ಬೇಕು?"

ನಾನು ಕುರ್ಚಿ ಎಳೆದು ಒಲೆಯ ಹತ್ತಿರ ಹಾಕಿದೆ. ಹುಡುಕಿ ತಂದು ಕೊಟ್ಟಳು. ಕುರ್ಚಿ ಹತ್ತಿ ಅವಳ ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದೆ. ಸುತ್ತಿಗೆ ಅವಳ ಕೈಗೆ ಕೊಟ್ಟು, ತೆನೆಯ ಸಿಪ್ಪೆಯನ್ನು ಗಂಟು ಹಾಕಿ ತೂಗುಬಿಟ್ಟೆ. ಇಳಿದು ನೋಡಿದಾಗ ಗಿರಿಜಾ ಸುತ್ತಿಗೆ ಎದೆಗೆ ಹಿಡಿದು ನಿಂತಿದ್ದಳು. ಅವಳು ನಮ್ಮ ಮನೆಯಲ್ಲೇ ಬೆಳೆದವಳು, ಒಲೆಯ ಮೇಲೆ ತೆನೆ ಯಾರಿಗೆ ಕಟ್ಟುತ್ತಾರೆಂದು ಹೇಳಿಕೊಡಬೇಕಾಗಿರಲಿಲ್ಲ.

"ಅವ್ವ, ಇಲ್ಲಿ ಕಟ್ಟೀಯಲ್ಲ..."

"ಹೂಂ. ಮುಂಗಾರಿಗೆ ನೀ ಇಲ್ಲೇ ಇರ್ತಿಯಲ್ಲ."

ಅವಳು ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ಸಣ್ಣವಳಿದ್ದಾಗ ಹಾಗೆ ಅತ್ತಿದ್ದಳು, ಆಮೇಲೆ ಇಲ್ಲ.

ಅಷ್ಟರಲ್ಲಿ ರಾಣೆಬೆನ್ನೂರಿನಲ್ಲಿ ಬೆಳಗಾಗಿತ್ತು. ನಮ್ಮ ಮನೆಯವರಿಗೆ ಫೋನು ಮಾಡಿದೆ. ಅಂಗಡಿಯ ಶಟರು ಎತ್ತುವ ಸದ್ದು ಕೇಳುತ್ತಿತ್ತು.

"ಗ್ಯಾಸಿನ ಮ್ಯಾಲಿನ ಗಿರಿಜಾನ ತೆನಿ ಐತಲ್ರಿ, ಅದನ್ನ ಇಳಸ್ರಿ. ಇಲ್ಲಿ ಕಟ್ಟೇನಿ" ಎಂದೆ.

ಅವರಿಗೆ ತಿಳಿಯಿತು. ಶಟರಿನ ಸದ್ದು ನಿಂತಿತು. ಯಾವಾಗಲೂ ನಗಾಡುವ ಮನುಷ್ಯ ನಗಲಿಲ್ಲ. ಕೊನೆಗೆ ಕೇಳಿದರು:

"ಅಲ್ಲಿಯ ತೆನಿ... ಒಣಗೈತೇನ?"

"ಒಣಗೈತ್ರಿ. ನಾನ ಕಡದು ನೋಡೇನಿ."